ನಮ್ಮ ಪಡಸಾಲೆಯ ಕೋರ್ಟು

ವರ್ಷಕ್ಕೊಮ್ಮೆ ನಾನು ಬದುಕಿದ್ದೇನೆಂದು ಸರಕಾರಕ್ಕೆ ನಾನೇ ಹೋಗಿ ತಿಳಿಸಿಬರಬೇಕು. ಪಿಂಚಣಿ ತಿನ್ನುವವರ ಪಾಡೇ ಹೀಗೆ. ಈ ಸಲ ಅದಕ್ಕಾಗಿ ಬೈಲಹೊಂಗಲದ ಟಪಾಲು ಕಚೇರಿಗೆ ಹೋದೆ. ಅಲ್ಲಿಯ ಹುಡುಗಿ ನನ್ನ ಹೆಬ್ಬೆರಳನ್ನು ಪುಟ್ಟ ಯಂತ್ರದ ಮೇಲೆ ಒತ್ತಿಸಿದಳು, ಒರೆಸಿದಳು, ಮತ್ತೆ ಒತ್ತಿಸಿದಳು. ಯಂತ್ರ ಒಪ್ಪಲಿಲ್ಲ. "ಅಜ್ಜಿ, ನಿಮ್ಮ ಬಟ್ಟಿನ ಗೆರಿ ಎಲ್ಲಾ ಸವದಾವ್ರಿ" ಎಂದಳು. ಮೂವತ್ತೆಂಟು ವರ್ಷ ಸೀಮೆಸುಣ್ಣ ಹಿಡಿದ ಬೆರಳು, ಸವೆಯದೆ ಇನ್ನೇನು ಮಾಡೀತು? ಸ್ವಲ್ಪ ಹೊತ್ತು ಕೂತು ಬೆರಳು ಬೆಚ್ಚಗಾದ ಮೇಲೆ ನೋಡೋಣ ಎಂದು ಬೆಂಚು ತೋರಿಸಿದಳು. ಕೂತೆ. ಆಗ ಒಳಗಿನಿಂದ ಆ ವಾಸನೆ ಬಂತು.

ಅರಗು. ಯಾರದೋ ಪೊಟ್ಟಣಕ್ಕೆ ಮುದ್ರೆ ಒತ್ತಲು ಮೇಣದಬತ್ತಿಯ ಮೇಲೆ ಅರಗು ಕರಗಿಸುತ್ತಿದ್ದರು. ಈ ಕಾಲದಲ್ಲೂ ಅದು ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ. ಸೀದ ಬೆಲ್ಲಕ್ಕೂ ದೇವರ ಕೋಣೆಯ ಧೂಪಕ್ಕೂ ನಡುವಿನ ಆ ಘಮಲು ಮೂಗಿಗೆ ಬಿದ್ದದ್ದೇ ತಡ, ನಾನು ಟಪಾಲು ಕಚೇರಿಯಲ್ಲಿ ಇರಲಿಲ್ಲ. ಎಪ್ಪತ್ತು ವರ್ಷ ಹಿಂದಕ್ಕೆ ಹೋಗಿ ನಮ್ಮ ಮನೆಯ ಅಟ್ಟದ ಮೆಟ್ಟಿಲ ಕೆಳಗೆ ನಿಂತಿದ್ದೆ. ಮೇಲೆ ವಾಮನರಾಯರು ಅರಗು ಕರಗಿಸುತ್ತಿದ್ದರು.

ವಾಮನರಾವ ಸಾಲಹಳ್ಳಿ ಎಂದರೆ ನಿಮಗೆ ನೆನಪಾಗಲಿಕ್ಕಿಲ್ಲ. ನಿಮ್ಮ ತಪ್ಪಲ್ಲ. ದೇಶದ ಅತಿ ದೊಡ್ಡ ನ್ಯಾಯಾಲಯದ ಅತಿ ದೊಡ್ಡ ಕುರ್ಚಿಯ ಮೇಲೆ ಅವರು ಕೂತಿದ್ದು ಕೆಲವೇ ವಾರ. ಪತ್ರಿಕೆಯವರು ಅವರ ಭಾವಚಿತ್ರ ಹುಡುಕಿ ತರುವಷ್ಟರಲ್ಲಿ ನಿವೃತ್ತಿಯ ದಿನ ಬಂದುಬಿಟ್ಟಿತ್ತು. ಆದರೆ ನಾನು ಹೇಳುವ ಕಾಲಕ್ಕೆ ಅವರು ನ್ಯಾಯಮೂರ್ತಿಯೂ ಅಲ್ಲ, ಮುಖ್ಯರೂ ಅಲ್ಲ. ರಾಮದುರ್ಗದ ಕಡೆಯ ಸಾಲಹಳ್ಳಿಯಿಂದ ಬಂದು, ಬೆಳಗಾವಿಯಲ್ಲಿ ಕಾಯದೆ ಓದಿ, ಬೈಲಹೊಂಗಲದ ಕೋರ್ಟಿನಲ್ಲಿ ಹೆಸರು ಹಚ್ಚಿಕೊಂಡಿದ್ದ, ಒಂದೇ ಒಂದು ಕರಿಕೋಟಿನ ತರುಣ ವಕೀಲ. ನಮ್ಮ ಮನೆಯ ಅಟ್ಟದಲ್ಲಿ ಬಾಡಿಗೆಗಿದ್ದರು. ನಾವಿನ್ನೂ ಮುಂಬಯಿ ರಾಜ್ಯದವರಾಗಿದ್ದ ದಿನಗಳು ಅವು. ಮೈಸೂರಿನ ಜೊತೆ ಕೂಡುವುದಕ್ಕೆ ಎರಡು ಮೂರು ವರ್ಷ ಬಾಕಿ ಇತ್ತು.

ಅವರಿಗೆ ಅರಗಿನ ಹುಚ್ಚು. ಕೋರ್ಟಿನ ಕಾಗದಕ್ಕೆ ಮುದ್ರೆ ಬೇಕು, ಒಪ್ಪೋಣ. ಊರಲ್ಲಿದ್ದ ತಾಯಿಗೆ ಬರೆದ ಕ್ಷೇಮದ ಪತ್ರಕ್ಕೂ ಮೂರು ಕಡೆ ಅರಗು ಒತ್ತುತ್ತಿದ್ದರು. ಆ ಪಾಪದ ತಾಯಿ ಪತ್ರ ಬಂದಾಗಲೆಲ್ಲ ಒರಳು ಕಲ್ಲಿನ ಗುಂಡು ತಂದು ಒಡೆಯಬೇಕಾಗುತ್ತಿತ್ತಂತೆ. ಒಮ್ಮೆ ಬಂದಾಗ ಆಕೆ ನಮ್ಮ ಅತ್ಯಾನ ಮುಂದೆ ಇದನ್ನು ಹೇಳಿ ನಕ್ಕದ್ದು ನನಗಿನ್ನೂ ಕೇಳಿಸುತ್ತದೆ.

ಅತ್ಯಾ ಎಂದರೆ ಅಪ್ಪನ ಅಕ್ಕ, ನನ್ನ ಸೋದರತ್ತೆ. ಮನೆಯಲ್ಲಿ ನಾವು ಮೂವರೇ: ಅಪ್ಪ, ಅತ್ಯಾ, ನಾನು. ಅವ್ವ ನಾನು ಐದು ವರ್ಷದವಳಿದ್ದಾಗಲೇ ಹೋಗಿದ್ದಳು. ಅಪ್ಪ ಶಾಸ್ತ್ರ ಓದಿದವರು. ಬೆಳಿಗ್ಗೆ ನಾಲ್ಕೈದು ಜನಕ್ಕೆ ಸಂಸ್ಕೃತ ಪಾಠ, ಆಮೇಲೆ ಯಾರ ಮನೆಯಲ್ಲಾದರೂ ಪೂಜೆ, ಪುರಾಣ. ಮಾತು ಬಹಳ ಕಡಿಮೆ. ನನ್ನ ಕೂಡ ಇಡೀ ದಿನಕ್ಕೆ ಅವರು ಆಡುತ್ತಿದ್ದ ಮಾತನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಾಗಿತ್ತು, ಅದರಲ್ಲೂ ಎರಡು "ಊಟ ಆತೇನು" ಮತ್ತು "ಬಾಗಲಾ ಹಾಕು".

ನಮ್ಮ ಪಡಸಾಲೆಯಲ್ಲಿ ಕೋರ್ಟು ಶುರುವಾದದ್ದು ಮಣ್ಣಿನ ಕಾರಣದಿಂದ. ವಾಮನರಾಯರಿಗೆ ಕೋರ್ಟಿಗೆ ಹೋಗುವ ಮುನ್ನ ವಾದವನ್ನೆಲ್ಲ ಒಮ್ಮೆ ಗಟ್ಟಿಯಾಗಿ ಹೇಳಿನೋಡುವ ಚಟ. ಹೇಳುವಾಗ ಕಾಲು ಸುಮ್ಮನಿರುತ್ತಿರಲಿಲ್ಲ. ಅಟ್ಟದ ಹಲಗೆಯ ಮೇಲೆ ಅತ್ತಿಂದಿತ್ತ ಓಡಾಡಿದರೆ ಕೆಳಗೆ ಅಪ್ಪನ ಪೂಜೆಯ ಮೇಲೆ ಮಣ್ಣು ಉದುರುತ್ತಿತ್ತು. ಒಂದು ದಿನ ಅಪ್ಪ ಮೆಟ್ಟಿಲ ಬುಡದಲ್ಲಿ ನಿಂತು, "ವಾಮನರಾವ, ನಿಮ್ಮ ವಾದದ ಮಣ್ಣು ನನ್ನ ನೈವೇದ್ಯಕ್ಕ ಬೀಳಲಿಕ್ಕೆ ಹತ್ತೇದ. ಕೆಳಗ ಬಂದು ಮಾತಾಡ್ರಿ" ಎಂದರು. ಅವರು ಕೆಳಗೆ ಬಂದರು. ಪಡಸಾಲೆಯಲ್ಲಿ ಅತ್ಯಾ ಮತ್ತು ನಾನು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆವು. ವಾಮನರಾಯರು ನಮ್ಮನ್ನು ನೋಡಿದರು, ತಮ್ಮ ಕಾಗದಗಳನ್ನು ನೋಡಿದರು, ಆಮೇಲೆ ನನಗೆ ಬಾಗಿ ನಮಸ್ಕಾರ ಮಾಡಿ, "ಸಾಹೇಬರ, ಕೋರ್ಟು ಶುರು ಮಾಡೋಣೇನು?" ಎಂದರು. ನನಗೆ ಆಗ ಹದಿನೈದು ವರ್ಷ. ಕೈಯಲ್ಲಿ ಮೊರ, ಮೊರದಲ್ಲಿ ಜೋಳ. ಹಾಗೆ ನಾನು ನ್ಯಾಯಾಧೀಶಳಾದೆ. ನೇಮಕದ ಆದೇಶಕ್ಕೆ ಅರಗು ಮಾತ್ರ ಒತ್ತಲಿಲ್ಲ.

ಅವರ ಪದ್ಧತಿ ವಿಚಿತ್ರವಾಗಿತ್ತು. ಬೇರೆ ವಕೀಲರು ತಮ್ಮ ಕಕ್ಷಿದಾರನ ಪರ ಮಾತಾಡುತ್ತಾರೆ. ಇವರು ಮೊದಲು ಎದುರು ಪಕ್ಷದ ವಾದ ಹೇಳುವವರು. ಅದೂ ಮೇಲೆ ಮೇಲೆ ಅಲ್ಲ. ಎದುರಿನವನು ತಾನು ಕನಸಿನಲ್ಲಿಯೂ ಹೇಳಲಾರದಷ್ಟು ಚೆನ್ನಾಗಿ, ಅವನ ಹೊಲ, ಅವನ ದನ, ಅವನ ಅವಮಾನ ಎಲ್ಲವನ್ನೂ ತಮ್ಮದೇ ಎಂಬಂತೆ ಹೇಳುವವರು. ನಾನು "ಇಂವನ ಗೆಲ್ಲಬೇಕು" ಎನ್ನುವತನಕ ಬಿಡುತ್ತಿರಲಿಲ್ಲ. ಆಮೇಲೆ ನೀರು ಕುಡಿದು, ತಮ್ಮ ಪಕ್ಷ ಶುರು ಮಾಡುವರು. ಅದನ್ನು ಕೇಳಿದ ಮೇಲೂ ನನ್ನ ಮನಸ್ಸು ತಿರುಗದಿದ್ದರೆ, ಕಕ್ಷಿದಾರನನ್ನು ಕರೆದು ರಾಜಿ ಮಾಡಿಕೊ ಎನ್ನುತ್ತಿದ್ದರು.

ಅತ್ಯಾನೂ ಪೀಠದ ಮೇಲೆ ಇದ್ದಳು. ಆದರೆ ಆಕೆಯ ನ್ಯಾಯ ಬೇರೆ ದಾರಿಯದು. ಬದುವಿನ ಜಗಳ ಎಂದರೆ, "ಅವನ ಹೇಣ್ತಿ ಎಂಥಾಕಿ?" ಎಂದು ಕೇಳುವಳು. ಬಾವಿಯ ನೀರಿನ ಜಗಳ ಎಂದರೂ ಅದೇ ಪ್ರಶ್ನೆ. ನಾನು ನಗುತ್ತಿದ್ದೆ. ವಾಮನರಾಯರು ನಗುತ್ತಿರಲಿಲ್ಲ. "ಈ ಪ್ರಶ್ನಿ ಕಾಯದೆದಾಗ ಇಲ್ಲ ಅತ್ಯಾ. ಇರಬೇಕಾಗಿತ್ತು" ಎಂದು ಕಾಗದದ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದರು.

ಈ ಪದ್ಧತಿಯಿಂದ ಅವರ ಹೊಟ್ಟೆಯ ಮೇಲೆ ಕಲ್ಲು ಬಿದ್ದದ್ದೂ ಉಂಟು. ದೊಡವಾಡದ ಗೌಡರೊಬ್ಬರು ಒಂದು ಬೆಳಿಗ್ಗೆ ತಮ್ಮ ದಾವೆಯ ಸಲುವಾಗಿ ಬಂದು, ಒಳಗೆ ಮಾತು ನಡೆದಿದೆಯೆಂದು ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ನಡೆದದ್ದು ಅವರದೇ ದಾವೆ. ತಮ್ಮ ವಕೀಲ ತಮ್ಮ ದಾಯಾದಿಯ ಪರವಾಗಿ ಕಣ್ಣಲ್ಲಿ ನೀರು ಬರುವ ಹಾಗೆ ಮಾತಾಡುವುದನ್ನು ಆ ಗೌಡರು ಪೂರಾ ಕೇಳಿದರು. ಆಮೇಲೆ ಒಳಗೆ ಬಂದು, "ನನ್ನ ಕಾಗದ ಕೊಡ್ರಿಲ್ಲೆ. ನೀವು ಅವನ ವಕೀಲಿಕೀನ ಮಾಡ್ರಿ. ಚಲೋ ಮಾಡಾಕ ಹತ್ತೀರಿ" ಎಂದು ರುಮಾಲು ಕೊಡವಿಕೊಂಡು ಎದ್ದು ಹೋದರು. ಅತ್ಯಾ ಬಾಗಿಲ ತನಕ ಹೋಗಿ, "ಗೌಡ್ರ, ಇನ್ನೂ ಅರ್ಧಾ ಅದರಿ" ಎಂದು ಕೂಗಿದಳು. ಅವರು ತಿರುಗಿ ನೋಡಲಿಲ್ಲ.

ಕಿತ್ತೂರಿನಲ್ಲಿ ಆದದ್ದು ಇದಕ್ಕಿಂತ ದೊಡ್ಡದು. ಒಂದು ರಜೆಯ ದಿನ ಬುತ್ತಿ ಕಟ್ಟಿಕೊಂಡು ನಾವೆಲ್ಲ ಬೆಳಗಿನ ಮೋಟಾರಿನಲ್ಲಿ ಕಿತ್ತೂರಿಗೆ ಹೋಗಿದ್ದೆವು. ಕೋಟೆಯ ಹಾಳುಗೋಡೆಗಳ ನೆರಳಲ್ಲಿ ಕೂತು ರೊಟ್ಟಿ ತಿನ್ನುವಾಗ ನಾನು ತಮಾಷೆಗೆ, ಇವತ್ತು ಕೋರ್ಟು ಇಲ್ಲೇ ಆಗಲಿ, ಕಿತ್ತೂರು ಸಂಸ್ಥಾನ ಒಂದು ಕಡೆ, ಕಂಪನಿ ಸರಕಾರ ಒಂದು ಕಡೆ ಎಂದೆ. ವಾಮನರಾಯರು ಕೈ ತೊಳೆದು ಎದ್ದು ನಿಂತರು. ಮತ್ತೆ ಹೇಳಬೇಕೇ? ಕಂಪನಿ ಸರಕಾರದಿಂದ ಶುರು ಮಾಡಿದರು. ಕಿತ್ತೂರಿನ ಕೋಟೆಯೊಳಗೆ, ಕಿತ್ತೂರಿನ ಜನ ಓಡಾಡುವ ಕಡೆ, ದತ್ತಕ ಯಾಕೆ ಊರ್ಜಿತವಲ್ಲ ಎಂದು ಒಂದೊಂದೇ ಅಂಶ ಎತ್ತಿ ಗಟ್ಟಿ ದನಿಯಲ್ಲಿ ಹೇಳತೊಡಗಿದರು. ನಾಲ್ಕು ಜನ ನಿಂತರು. ಹತ್ತಾದರು. ಒಬ್ಬ ಮುದುಕರು ಕೋಲು ಊರಿಕೊಂಡು ಮುಂದೆ ಬಂದು, "ಯಾರ್ರೀ ಇಂವ? ಯಾವ ಊರಾಂವ?" ಎಂದು ಅಪ್ಪನನ್ನು ಕೇಳಿದರು. ಕೋಲು ಊರುಗೋಲಾಗಿ ಬಹಳ ಹೊತ್ತು ಉಳಿಯುವ ಲಕ್ಷಣ ಕಾಣಲಿಲ್ಲ.

ಅಪ್ಪ ರೊಟ್ಟಿ ಕೆಳಗಿಟ್ಟು ಶಾಂತವಾಗಿ ಹೇಳಿದರು: "ತಡೀರಿ ಯಜಮಾನರ. ಇದು ಪೂರ್ವಪಕ್ಷ. ಶಾಸ್ತ್ರದಾಗ ಹಿಂಗ ಇರತದ. ಮೊದಲ ಎದುರಿನವರ ಮಾತು ಪೂರಾ ಹೇಳಬೇಕು, ಆಮ್ಯಾಲೆ ಅದನ್ನ ಮುರದು ನಮ್ಮ ಸಿದ್ಧಾಂತ ಹೇಳಬೇಕು. ಸಿದ್ಧಾಂತ ಇನ್ನೂ ಬರೂದದ. ಕುಂಡ್ರಿ."

ಮುದುಕರು ಕೂತರು. ಸಿದ್ಧಾಂತ ಬಂತು. ಅದು ಮುಗಿಯುವ ಹೊತ್ತಿಗೆ ಆ ಮುದುಕರು ಕಣ್ಣೊರೆಸಿಕೊಳ್ಳುತ್ತಿದ್ದರು. ಹೊರಡುವಾಗ ವಾಮನರಾಯರಿಗೆ ಒಂದು ಚೀಲ ಶೇಂಗಾ ಕೊಟ್ಟು, "ಮುಂದಿನ ಸಲ ಹಿಂದಿನ ಅರ್ಧಾ ಮೊದಲ ಹೇಳ್ರಿ ಸಾಹೇಬ್ರ, ನಿಮ್ಮ ಜೀವಕ್ಕ ಚಲೋ" ಎಂದು ಬುದ್ಧಿ ಹೇಳಿದರು. ದಾರಿಯುದ್ದಕ್ಕೂ ನಾವು ಆ ಶೇಂಗಾ ತಿಂದೆವು. ಅಪ್ಪ ಅವತ್ತು ಒಳಗೊಳಗೇ ಬಹಳ ಖುಷಿಯಾಗಿದ್ದರು. ತಾವು ಓದಿದ ಶಾಸ್ತ್ರವೂ ಕರಿಕೋಟಿನ ಕಾಯದೆಯೂ ಒಂದೇ ಮನೆತನದವು ಎಂದು ಗೊತ್ತಾದ ಖುಷಿ ಅದು.

ಇಷ್ಟೆಲ್ಲ ಹೇಳಿ ನನ್ನ ಸಂಗತಿಯನ್ನೇ ಹೇಳಲಿಲ್ಲ. ಮುದಿತನದಲ್ಲಿ ಹೀಗೆ ಆಗುತ್ತದೆ, ಕ್ಷಮಿಸಬೇಕು. ನಾನು ಮುಲ್ಕಿ ಪರೀಕ್ಷೆ, ಎಂದರೆ ಏಳನೆಯ ತರಗತಿಯ ಸರಕಾರಿ ಪರೀಕ್ಷೆ, ಪಾಸಾಗಿ ಮೂರು ವರ್ಷವಾಗಿತ್ತು. ಶಾಲೆಯ ಅಕ್ಕೋರಾಗಿ ಮಕ್ಕಳಿಗೆ ಕಲಿಸಬೇಕೆಂದು ಆಸೆ. ಅದಕ್ಕೆ ಧಾರವಾಡಕ್ಕೆ ಹೋಗಿ ಎರಡು ವರ್ಷ ಟ್ರೇನಿಂಗ್ ಕಾಲೇಜಿನಲ್ಲಿ ಕಲಿಯಬೇಕು, ಅಲ್ಲೇ ವಸತಿ. ವಾಮನರಾಯರೇ ಅರ್ಜಿ ತರಿಸಿಕೊಟ್ಟಿದ್ದರು. ತುಂಬಿಟ್ಟಿದ್ದೆ. ಕೆಳಗೆ ಒಂದು ಗೆರೆ ಖಾಲಿ ಇತ್ತು: ಪಾಲಕರ ಸಹಿ. ಅಪ್ಪ ಆ ಗೆರೆಯನ್ನು ನೋಡಿ, "ಬ್ಯಾಡ" ಎಂದಿದ್ದರು. ಒಂದೇ ಮಾತು. ಯಾಕೆ ಎಂದು ಕೇಳುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ.

ಅರ್ಜಿ ಮುಟ್ಟಬೇಕಾದ ಕೊನೆಯ ದಿನ ಹತ್ತಿರ ಬಂತು. ಇವತ್ತಿನ ಟಪಾಲಿಗೆ ಹೋದರೆ ಉಂಟು, ಇಲ್ಲದಿದ್ದರೆ ಈ ವರ್ಷದ ಮಾತು ಮುಗಿಯಿತು. ಬರುವ ವರ್ಷಕ್ಕೆ ನನಗೆ ಗಂಡು ಹುಡುಕುವ ಮಾತು ಆಗಲೇ ಎದ್ದಿತ್ತು. ಆ ಬೆಳಿಗ್ಗೆ ವಾಮನರಾಯರು ಸವದತ್ತಿಯ ಕೋರ್ಟಿಗೆ ಹೋಗುವವರಿದ್ದರು. ಹೋಗುವ ಮುಂಚೆ ಅಪ್ಪನ ಮುಂದೆ ನನ್ನ ವಕೀಲಿಕೆ ಮಾಡುತ್ತೇನೆಂದು ಮಾತು ಕೊಟ್ಟಿದ್ದರು. ಕೋಟು ಕೈಯಲ್ಲಿ ಹಿಡಿದುಕೊಂಡೇ ಕೆಳಗೆ ಬಂದರು. ಅಪ್ಪ ಪಾಠ ಮುಗಿಸಿ ಮಣೆಯ ಮೇಲೆ ಕೂತಿದ್ದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ.

"ಆಚಾರ್ಯರ, ಮೊದಲ ನಿಮ್ಮ ಪಕ್ಷ ಹೇಳತೇನಿ. ತಪ್ಪಿದ್ದರ ತಿದ್ದರಿ" ಎಂದು ಅವರು ಶುರು ಮಾಡಿದರು.

"ಹನ್ನೆರಡು ವರ್ಷದ ಕೆಳಗ ನೀವು ಒಂದು ಸಪ್ತಾಹಕ್ಕಂತ ರಾಮದುರ್ಗಕ್ಕ ಹೋಗಿದ್ರಿ. ಇಲ್ಲೆ ಮನಿಯವರಿಗೆ, ಈ ಹುಡುಗಿ ಅವ್ವಗ, ಜ್ವರ ಬಂತು. ಹೇಳಿಕಳಿಸಿದ್ರು. ನೀವು ಬಂದು ಮುಟ್ಟೂದರಾಗ ಎಲ್ಲಾ ಮುಗದಿತ್ತು. ಅವತ್ತಿನಿಂದ ಇವತ್ತಿನ ತನಕ ನೀವು ಒಂದು ರಾತ್ರಿ ಈ ಊರು ಬಿಟ್ಟು ಮಲಗಿಲ್ಲ. ಸವದತ್ತಿಯವರು ಕರದ್ರು, ಹೋಗಲಿಲ್ಲ. ರಾಮದುರ್ಗದವರು ವರ್ಷಾ ವರ್ಷಾ ಕರೀತಾರ, ಹೋಗೂದಿಲ್ಲ. ಸಂಜಿ ಒಳಗ ಹೊಳ್ಳಿ ಬರಲಿಕ್ಕೆ ಆಗಲಾರದ ಯಾವ ಕೆಲಸಾನೂ ಹಿಡದಿಲ್ಲ. ಜನ ಇವರಿಗೆ ಸೊಕ್ಕು ಅಂದ್ರು. ನೀವು ಅನಿಸಿಕೊಂಡ್ರಿ. ಯಾಕಂದ್ರ ಮತ್ತೊಂದು ಸಲ ಈ ಮನ್ಯಾಗ ಜ್ವರ ಬಂದರ ನೀವು ಬಾಗಲದಾಗ ಇರಬೇಕು. ಮಗಳು ಓದೂದು ನಿಮಗ ಬ್ಯಾಡಾಗಿಲ್ಲ. ಆಕಿ ನೀವಿಲ್ಲದ ಊರಾಗ ಮಲಗೂದು ಬ್ಯಾಡಾಗೇದ."

ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಅಪ್ಪ ದೂರದ ಕರೆಗಳಿಗೆ ಹೋಗದಿರುವುದು ಸೋಮಾರಿತನ ಎಂದು ನಾನೂ ಮನಸ್ಸಿನಲ್ಲಿ ಅಂದುಕೊಂಡಿದ್ದೆ. ವಾಮನರಾಯರು ಈ ದಾವೆಗಾಗಿ ಅತ್ಯಾನ ಸಾಕ್ಷಿಯನ್ನು ಮೊದಲೇ ತೆಗೆದುಕೊಂಡಿದ್ದರೆಂದು ಆಮೇಲೆ ತಿಳಿಯಿತು. ಹುಟ್ಟಿದಾರಭ್ಯ ಅಪ್ಪನ ಬಾಯಿಂದ ಒಮ್ಮೆಯೂ ಕೇಳದ ಪ್ರೀತಿಯನ್ನು ನಾನು ಬಾಡಿಗೆಯ ವಕೀಲರ ಬಾಯಲ್ಲಿ, ಅದೂ ನನ್ನ ವಿರುದ್ಧದ ವಾದವಾಗಿ, ಕೇಳಿದೆ.

ಕೆಟ್ಟದ್ದೆಂದರೆ, ವಾಮನರಾಯರಿಗೆ ಎದುರು ಪಕ್ಷದ ಮೇಲೆ ಮೋಹ ಬಂದುಬಿಟ್ಟಿತ್ತು. ನಿಲ್ಲಿಸಲಿಲ್ಲ. ಹೇಳುತ್ತಲೇ ಹೋದರು. ಅಪ್ಪನ ಕಣ್ಣು ತುಂಬಿ ಬಂದವು. ಅಪ್ಪ ಉತ್ತರೀಯದಿಂದ ಮುಖ ಒರೆಸಿಕೊಂಡು, "ಸಾಕು ವಾಮನರಾವ. ನನ್ನ ಮಾತು ನೀವು ನನಗಿಂತ ಛಂದ ಹೇಳಿದ್ರಿ. ಇನ್ನ ಏನ ಉಳದದ" ಎಂದು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಪುಸ್ತಕದೊಳಗೆ ಇಟ್ಟುಬಿಟ್ಟರು. ವಾಮನರಾಯರು ಗಾಬರಿಯಾಗಿ, "ಆಚಾರ್ಯರ, ಇದು ಇನ್ನೂ" ಎನ್ನುವಷ್ಟರಲ್ಲಿ ಅವರ ಕಕ್ಷಿದಾರ ಬಾಗಿಲಲ್ಲಿ ಬಂದು ನಿಂತ. "ಸಾಹೇಬ್ರ, ಸವದತ್ತಿ ಮೋಟಾರ ಬಿಡಾಕ ಹತ್ತೈತಿ. ಡ್ರೈವರ ನನ್ನ ಮಾತಿಗೆ ನಿಂತಾನ." ಕೋರ್ಟಿನಲ್ಲಿ ಅವನ ಹೊಲದ ಹಣೆಬರಹ ಕಾದಿತ್ತು. ವಾಮನರಾಯರು ಬಾಗಿಲ ಹಿಂದಿನ ನನ್ನನ್ನು ನೋಡಿದರು. ಆ ಮುಖ ನೋಡಿದ್ದರೆ ನೀವೂ ಅವರನ್ನು ಕ್ಷಮಿಸುತ್ತಿದ್ದಿರಿ. ಒಂದು ಕೈ ಕೋಟಿನೊಳಗೆ, ಒಂದು ಕೈ ಹೊರಗೆ, ಓಡಿದರು.

ನಾನು ಒಲೆಯ ಮುಂದೆ ಹೋಗಿ ಕೂತು ಅಳತೊಡಗಿದೆ. ಅತ್ಯಾ ಸಾರು ಕುದಿಸುತ್ತಿದ್ದಳು. ಸೌಟು ಇಳಿಸಿ ನನ್ನ ಕಡೆ ನೋಡಿ ಹೇಳಿದಳು: "ಅಳಬ್ಯಾಡ. ವರ್ಷಗಟ್ಟಲೆ ಮಂದಿ ನ್ಯಾಯ ಹೇಳೀದಿ. ನಿನ್ನ ಹೊತ್ತು ಬಂದಾಗ ಒಲಿ ಮುಂದ ಕೂತರ ಹೆಂಗ? ಅರ್ಧಾ ಅಲ್ಲೇನ ಆಗಿದ್ದು?"

ಅರ್ಧ. ನನಗೆ ಫಕ್ಕನೆ ಕಿತ್ತೂರು ನೆನಪಾಯಿತು, ಅಪ್ಪ ರೊಟ್ಟಿ ಕೆಳಗಿಟ್ಟು ಆ ಮುದುಕರಿಗೆ ಹೇಳಿದ್ದು ನೆನಪಾಯಿತು. ಮುಖ ತೊಳೆದುಕೊಂಡು ಪಡಸಾಲೆಗೆ ಹೋದೆ.

"ಅಪ್ಪಾ, ಒಂದು ಕೇಳಲೇನು? ಪೂರ್ವಪಕ್ಷ ಆದ ಮ್ಯಾಲೆ ಪಾಠ ನಿಲ್ಲಿಸಿಬಿಡಬಹುದೇನು?"

ಅಪ್ಪ ಪುಸ್ತಕದಿಂದ ತಲೆ ಎತ್ತಲಿಲ್ಲ. ಶಾಸ್ತ್ರದ ಪ್ರಶ್ನೆ ಎಂದುಕೊಂಡು ಶಾಸ್ತ್ರದ ಉತ್ತರವನ್ನೇ ಕೊಟ್ಟರು. "ಬರೂದಿಲ್ಲ. ದೋಷ."

"ಹಂಗಾದ್ರ ಬೆಳಿಗ್ಗೆ ಆಗಿದ್ದು ಬರೇ ಪೂರ್ವಪಕ್ಷ. ಸಿದ್ಧಾಂತ ಆಗಿಲ್ಲ."

ಈಗ ತಲೆ ಎತ್ತಿದರು. "ವಾಮನರಾವ ಸಂಜೀಕ ಬರತಾರ. ಆಗ ಹೇಳಲಿ" ಎಂದರು.

"ಟಪಾಲು ಮೂರಕ್ಕ ಹೋಗತದ."

"ಹಂಗಾದ್ರ ಹೇಳಾವ್ರು ಯಾರು?"

"ನಾನ ಹೇಳತೇನಿ."

ಅಪ್ಪ ಪುಸ್ತಕ ಮುಚ್ಚಿದರು. ಎದುರಿನ ಮಣೆ ತೋರಿಸಿದರು. ಅದು ಅವರ ಶಿಷ್ಯರು ಕೂಡುವ ಮಣೆ. ಅದರ ಮೇಲೆ ನಾನು ಯಾವತ್ತೂ ಕೂತಿರಲಿಲ್ಲ.

ಎಷ್ಟೋ ವಾದ ಕೇಳಿದ್ದೆ. ಮೊದಲನೆಯದಾಗಿ, ಎರಡನೆಯದಾಗಿ ಎಂದು ಶುರು ಮಾಡಬೇಕೆಂದು ಗೊತ್ತಿತ್ತು. ಕೂತ ಕೂಡಲೇ ಎಲ್ಲ ಮರೆತುಹೋಯಿತು. ದೊಡವಾಡದ ಮೇಲಿಂದ ಧಾರವಾಡಕ್ಕೆ ದಿನಕ್ಕೆ ಎರಡು ಮೋಟಾರು ಇವೆ, ಬೆಳಗಿನದಕ್ಕೆ ಕೂತರೆ ಊಟದ ಹೊತ್ತಿಗೆ ಮುಟ್ಟಬಹುದು ಎಂದೆ. ಅಲ್ಲಿ ದೊಡ್ಡ ದವಾಖಾನೆ ಇದೆ, ಇಲ್ಲಿ ಇಲ್ಲ ಎಂದೆ. ಆಮೇಲೆ ಹೇಳುವುದು ಏನೂ ಉಳಿಯಲಿಲ್ಲ. "ಮೂರು ವರ್ಷಾತು ಅಪ್ಪಾ, ಜ್ವಾಳಾ ಹಸನ ಮಾಡಿಕೋತ ಬಾಗಲ ಹಿಂದ ಕೂತು ನಿಮ್ಮ ಪಾಠ ಕೇಳೇನಿ. ಕಲಿಸೂದು ನಿಮ್ಮನ್ನ ನೋಡಿ ಕಲತೇನಿ. ನನಗೂ ಕಲಿಸಬೇಕಾಗೇದ. ನನಗ ಹೋಗಬೇಕಾಗೇದ" ಎಂದೆ.

ಅಪ್ಪ ಒಂದೇ ಒಂದು ಆಕ್ಷೇಪ ಎತ್ತಿದರು. "ಜ್ವರ ಬಂದರ?"

"ತಂತಿ ಕೊಡತೇನಿ."

"ತಂತಿ ಮುಟ್ಟಿ ನಾ ಬರೂದರಾಗ..." ಎಂದು ಅಲ್ಲಿಗೇ ನಿಂತರು.

"ನೀವು ಬರೂದರಾಗ ನಾ ಅರಾಮ ಆಗಿ ಅಂಗಳದಾಗ ನಿಂತಿರತೇನಿ. ಮತ್ತ ಬಂದದ್ದಕ್ಕ ನಿಮಗ ಸಿಟ್ಟು ಬರತದ."

ಅಪ್ಪ ನಕ್ಕರು. ಹೌದು, ನನ್ನ ಅಪ್ಪ, ಹಲ್ಲು ಕಾಣುವ ಹಾಗೆ ನಕ್ಕರು. ಒಳಗೆ ಅತ್ಯಾನ ಸೌಟು ತಟಕ್ಕನೆ ನಿಂತಿತು. ಅರ್ಜಿಯನ್ನು ಪುಸ್ತಕದಿಂದ ತೆಗೆದು, ಮಡಿಕೆ ಬಿಚ್ಚಿ, ಕೈಯಿಂದ ಸವರಿ ಸಪಾಟು ಮಾಡಿ ಸಹಿ ಮಾಡಿದರು. ನನ್ನ ಕೈಗೆ ಕೊಡಲಿಲ್ಲ. ಆ ಬಿಸಿಲಲ್ಲಿ ತಾವೇ ಹೊತ್ತುಕೊಂಡು ಟಪಾಲಿಗೆ ಹಾಕಲು ಹೋದರು. ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ? ಅತ್ಯಾನನ್ನು ಅಪ್ಪಿಕೊಂಡು ಗರಗರ ತಿರುಗಿಸಿಬಿಟ್ಟೆ, ಆಕೆಯ ಕೈಯ ಸೌಟಿನಿಂದ ಸಾರು ಗೋಡೆಗೆಲ್ಲ ಸಿಡಿಯಿತು.

ಸಂಜೆಗೆ ವಾಮನರಾಯರು ಸವದತ್ತಿಯಿಂದ ಏದುಸಿರು ಬಿಡುತ್ತ ಬಂದರು. ಬೂಟು ಕಳೆಯುವ ಮೊದಲೇ, "ಆಚಾರ್ಯರ, ಬೆಳಿಗ್ಗಿಂದು ಪೂರಾ ಆಗಿಲ್ಲ, ದಯಮಾಡಿ ಕೇಳಬೇಕು" ಎಂದು ಶುರುವಿಟ್ಟರು. ಅಪ್ಪ ಗಂಭೀರವಾಗಿ, "ಹೇಳ್ರಿ" ಎಂದರು. ಅವರು ಹೇಳಿದರು. ಮೋಟಾರಿನಲ್ಲಿ ಹೋಗುವಾಗ ಬರುವಾಗ ಕಟ್ಟಿದ ವಾದ ಅದು. ಆ ವಾದ ಕೇಳಿದ್ದರೆ ಕಲ್ಲೂ ಧಾರವಾಡಕ್ಕೆ ಹೊರಡುತ್ತಿತ್ತು. ಅತ್ಯಾ ಸೆರಗು ಬಾಯಿಗಿಟ್ಟುಕೊಂಡಿದ್ದಳು. ನಾನು ನೆಲ ನೋಡುತ್ತಿದ್ದೆ. ಪೂರಾ ಮುಗಿದ ಮೇಲೆ ಅಪ್ಪ, "ಉತ್ತಮ. ಆದರ ಇದಕ್ಕಿಂತ ಚಲೋ ಸಿದ್ಧಾಂತ ಮಧ್ಯಾಹ್ನ ಆಗೇದ. ಅರ್ಜಿ ಟಪಾಲಿಗೆ ಹೋಗೇದ. ಬೂಟು ಕಳೀರಿ, ಊಟಕ್ಕ ಏಳ್ರಿ" ಎಂದರು. ವಾಮನರಾಯರು ಮೊದಲು ಕೆಂಪಾದರು, ಆಮೇಲೆ ನನ್ನ ಮುಂದೆ ಬಂದು ಬಾಗಿ, "ಸಾಹೇಬರ, ನನ್ನ ಕಸಬು ಕಸಕೊಂಡ್ರಿ" ಎಂದರು. ಅವತ್ತು ನಮ್ಮ ಮನೆಯಲ್ಲಿ ಆದಷ್ಟು ನಗೆ ಆಮೇಲೆ ಬಹಳ ದಿನ ಆಗಲಿಲ್ಲ.

ನಾನು ಅಕ್ಕೋರಾದೆ. ಸವದತ್ತಿ, ರಾಮದುರ್ಗ, ಕಿತ್ತೂರು ಎಂದು ಸರಕಾರ ಕಳಿಸಿದಲ್ಲೆಲ್ಲ ಕಲಿಸಿದೆ. ರಾಜ್ಯ ಒಂದಾದ ಮೇಲೆ ವಾಮನರಾಯರು ಬೆಂಗಳೂರಿನ ಹೈಕೋರ್ಟಿಗೆ ಹೋದರು. ಅಲ್ಲಿ ವಕೀಲರಾಗಿ, ಆಮೇಲೆ ನ್ಯಾಯಮೂರ್ತಿಯಾಗಿ, ಕಡೆಗೆ ದಿಲ್ಲಿಗೆ. ಪತ್ರಿಕೆಯಲ್ಲಿ ಹೆಸರು ಬಂದಾಗ ಕತ್ತರಿಸಿಡುತ್ತಿದ್ದೆ. ಅವರ ತೀರ್ಪುಗಳ ಬಗ್ಗೆ ವಕೀಲರು ಒಂದು ಮಾತು ಹೇಳುತ್ತಿದ್ದರು: ಮೊದಲ ಹತ್ತು ಪುಟ ಓದಿದರೆ ಯಾರು ಗೆದ್ದರು ಎಂದು ಗೊತ್ತೇ ಆಗುವುದಿಲ್ಲ, ಸೋತವನೇ ಗೆದ್ದನೆಂದು ಅನಿಸುತ್ತದೆ. ಅದನ್ನು ಓದಿ ನನಗೆ ದೊಡವಾಡದ ಗೌಡರು ನೆನಪಾಗಿ ಒಬ್ಬಳೇ ನಗುತ್ತಿದ್ದೆ. ಹಿರಿತನದ ಪಾಳಿ ಬಂದು ಅವರು ಎಲ್ಲಕ್ಕೂ ಮೇಲಿನ ಕುರ್ಚಿಗೆ ಏರಿದಾಗ ಬೈಲಹೊಂಗಲದ ವಕೀಲರು ಪೇಢೆ ಹಂಚಿದರು. ಪೇಢೆಯ ರುಚಿ ಬಾಯಿಂದ ಹೋಗುವುದರೊಳಗೆ ಅವಧಿ ಮುಗಿದಿತ್ತು.

ಅದಾದ ಮೇಲೆ ಒಮ್ಮೆ ಊರಿಗೆ ಬಂದಿದ್ದರು. ಸಭೆಯಲ್ಲಿ ಎಲ್ಲರೂ ಅವಧಿ ಬಹಳ ಸಣ್ಣದಾಯಿತು ಎಂದು ಹಳಹಳಿಸಿದರು. ಅವರು ಎದ್ದು, "ನನಗಿಂತ ಮೇಲಿನ ಕೋರ್ಟು ಅಲ್ಲಿ ಮೂರನೇ ಸಾಲಿನ್ಯಾಗ ಕೂತದ. ಆಕಿ ಮುಂದ ವರ್ಷಗಟ್ಟಲೆ ನಿಂತೇನಿ. ಉಳದದ್ದು ಎಷ್ಟಾದರೇನು" ಎಂದು ನನ್ನ ಕಡೆ ಕೈ ಮಾಡಿದರು. ಜನ ಎಲ್ಲ ತಿರುಗಿ ನೋಡಿದರು. ನಾನು ಹಿಂದೆ ಯಾರೋ ಇದ್ದಾರೇನೋ ಎಂಬಂತೆ ಹಿಂದಕ್ಕೆ ನೋಡಿದೆ. ಆಮೇಲೆ ಮನೆಗೆ ಬಂದು ಚುರಮುರಿಯ ಸುಸಲಾ ತಿಂದರು. ಸೋತವನ ಮಾತಿಗೆ ಯಾಕೆ ಅಷ್ಟು ಪುಟ ಬರೆಯುತ್ತಿದ್ದಿರಿ ಎಂದು ಕೇಳಿದೆ. "ಗೆದ್ದಾಂವಗ ಕಡೀ ಸಾಲು ಒಂದು ಸಾಕು ತಂಗಿ, ಅಷ್ಟ ಓದಿ ಪೇಢೆ ತರಲಿಕ್ಕೆ ಹೋಗತಾನ. ಉಳದ ಹಾಳಿ ಸೋತಾಂವಗ. ಅಂವ ಅದನ್ನ ಮನಿಗೆ ಒಯ್ದು ಕೂತು ಓದಬೇಕಲ್ಲ" ಎಂದರು. ಈಗ ಅವರೂ ಇಲ್ಲ.

"ಅಜ್ಜಿ, ಬರ್ರಿ, ಇನ್ನೊಮ್ಮೆ ನೋಡೋಣು" ಎಂದು ಹುಡುಗಿ ಕರೆದಳು. ಈ ಸಲ ಯಂತ್ರ ಒಪ್ಪಿತು. ನಾನು ಬದುಕಿದ್ದೇನೆ. ಮನೆಗೆ ಬಂದು, ವಾಮನರಾಯರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತೆ. ಈ ಕಥೆಯನ್ನು ನಾನು ಎಷ್ಟೋ ಮಂದಿಗೆ ಹೇಳಿದ್ದೇನೆ, ಯಾವಾಗಲೂ ನಾನು ಗೆದ್ದ ಕಥೆಯಾಗಿ. ಬರೆದದ್ದನ್ನು ಈಗ ತಿರುಗಿ ಓದಿದರೆ, ನನ್ನ ವಾದಕ್ಕೆ ನಾಲ್ಕು ಸಾಲು ಹೋಗಿದೆ, ಅಪ್ಪನ ಪಕ್ಷಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು. ಬೇಕೆಂದು ಮಾಡಿದ್ದಲ್ಲ. ಅವತ್ತು ಸೋತವರು ಅಪ್ಪ, ಅವರಿಗಾಗಿ ಯಾರೂ ಹಾಳೆ ಬರೆದಿರಲಿಲ್ಲ, ಅದೀಗ ಆಯಿತು ಎಂದು ಲೇಖನಿ ಕೆಳಗಿಟ್ಟೆ. ಇಟ್ಟ ಮೇಲೆ ಒಂದು ಕಾರ್ಡು ನೆನಪಾಯಿತು.

ನಾನು ಧಾರವಾಡಕ್ಕೆ ಹೋದ ಎರಡನೆಯ ತಿಂಗಳು ಬಂದ ಕಾರ್ಡು. ಅಪ್ಪನ ಅಕ್ಷರ, ಆದರೆ ಮುದ್ರೆ ಬೈಲಹೊಂಗಲದ್ದಲ್ಲ. ಆಗ ಓದಿ, ಮನೆಯ ಸುದ್ದಿ ಏನೂ ಇಲ್ಲವಲ್ಲ ಎಂದು ಬೇಸರಪಟ್ಟು ಎಲ್ಲೋ ಇಟ್ಟು ಕಳೆದುಬಿಟ್ಟೆ. ಒಕ್ಕಣೆ ಪೂರಾ ಬಾಯಿಪಾಠ ಇದೆ, ಯಾಕೆಂದರೆ ಬಹಳ ಇರಲಿಲ್ಲ: "ಚಿರಂಜೀವಿಗೆ ಆಶೀರ್ವಾದಗಳು. ರಾಮದುರ್ಗದವರು ಈ ವರ್ಷವೂ ಕರೆದಿದ್ದರು. ಬಂದಿದ್ದೇನೆ. ಏಳು ದಿನ ಇರುತ್ತೇನೆ. ನಿನ್ನೆ ರಾತ್ರಿ ಇಲ್ಲೇ ಮಲಗಿದೆ. ನಿದ್ದೆ ಚೆನ್ನಾಗಿ ಬಂತು."